ಕಾರಂತರ ಫೋಟೋಕ್ಕೆ ಹಾರ ಹಾಕುವ ಜನಪ್ರತಿನಿಧಿಗಳಿಗೆ

ಮಾನ್ಯರೇ,

ನಮಸ್ಕಾರ. ನೀವು ಯಾವ ಪಕ್ಷ ಅಂತ ನಾನು ಕೇಳುವುದಿಲ್ಲ. ಶಾಸಕರೋ, ಸಂಸದರೋ, ಮಂತ್ರಿಗಳೋ, ಯಾರಾದರೂ ಆಗಿರಿ. ಪ್ರತಿ ಅಕ್ಟೋಬರ್ 10ಕ್ಕೆ ಶಿವರಾಮ ಕಾರಂತರ ಫೋಟೋಕ್ಕೆ ಹಾರ ಹಾಕಿ, ದೀಪ ಹಚ್ಚಿ, ಇಪ್ಪತ್ತು ನಿಮಿಷ ಮಾತಾಡಿ, ಮುಂದಿನ ಕಾರ್ಯಕ್ರಮಕ್ಕೆ ತಡವಾಯಿತು ಅಂತ ಕಾರು ಹತ್ತುವ ಎಲ್ಲರಿಗೂ ಈ ಪತ್ರ.

ಅಂಥ ಒಂದು ಕಾರ್ಯಕ್ರಮದಲ್ಲಿ ನಾನೂ ಕೂತಿದ್ದೆ. ಎಲ್ಲಿ, ಯಾರು ಅಂತ ಹೇಳುವುದಿಲ್ಲ. ಮುಖ್ಯ ಅತಿಥಿಗಳು ಎದ್ದು ನಿಂತರು. ಕಡಲತೀರದ ಭಾರ್ಗವ ಅಂದರು, ನಡೆದಾಡುವ ವಿಶ್ವಕೋಶ ಅಂದರು, ಜ್ಞಾನಪೀಠ ಬಂತು, ಯಕ್ಷಗಾನ ಬಂತು, ಪುತ್ತೂರಿನ ಬಾಲವನ ಬಂತು. ಎಲ್ಲ ಸರಿ. ಕೊನೆಗೆ ದನಿ ಏರಿಸಿ ಒಂದು ಮಾತು ಹೇಳಿದರು. ಇವತ್ತಿನ ಸಾಹಿತಿಗಳು ಕಾರಂತರನ್ನು ನೋಡಿ ಕಲಿಯಬೇಕು, ತಮ್ಮ ಪಾಡಿಗೆ ಬರೆದುಕೊಂಡಿರಬೇಕು, ರಾಜಕೀಯಕ್ಕೆ ಮೂಗು ತೂರಿಸಬಾರದು ಅಂತ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಅಭ್ಯಾಸ ಅಲ್ವಾ, ಪಕ್ಕದವರು ಹೊಡೆದರೆ ಕೈ ತಾನೇ ಏಳುತ್ತದೆ.

ಬಸ್ಸಿನಲ್ಲಿ ಬರುವಾಗ ತಲೆಗೆ ಹೊಳೆಯಿತು. ಅಯ್ಯೋ, ಇದೇ ಕಾರಂತರು ನಮ್ಮ ಕ್ಷೇತ್ರದಲ್ಲೇ ಲೋಕಸಭೆಗೆ ನಿಂತಿದ್ದರಲ್ಲ!

ನಾನು ಉತ್ತರ ಕನ್ನಡದವನು. ನಮ್ಮದು ಯಲ್ಲಾಪುರದ ಕಡೆ. ಬಾರೆ ದಾಟಿ ಘಟ್ಟ ಇಳಿದರೆ ಕೈಗಾ. 1989ರ ನವೆಂಬರ್ ಚುನಾವಣೆ ಹೊತ್ತಿಗೆ ನನಗೆ ಹನ್ನೊಂದು ವರ್ಷ. ನೆನಪಿರುವುದು ಮೈಕ್ ಕಟ್ಟಿದ ಜೀಪು, ಅದು ಎರಚಿ ಹೋದ ಬಣ್ಣದ ಚೀಟಿಗಳು, ಅದನ್ನು ಹೆಕ್ಕಲು ನಾವು ಓಡುತ್ತಿದ್ದದ್ದು, ಅಷ್ಟೇ. ಉಳಿದದ್ದು ಆಮೇಲೆ ಓದಿ ತಿಳಿದದ್ದು. ಕಾರಂತರಿಗೆ ಆಗ 87 ವರ್ಷ. ಜ್ಞಾನಪೀಠ ಬಂದು ಹನ್ನೆರಡು ವರ್ಷ ಆಗಿತ್ತು. ಸಾಲಿಗ್ರಾಮದ ಮನೆಯಲ್ಲಿ ಬಂದವರ ಹತ್ತಿರ ನಮಸ್ಕಾರ ಮಾಡಿಸಿಕೊಂಡು ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ಕೈಗಾ ಅಣುಸ್ಥಾವರ ಬೇಡ ಅನ್ನುವುದನ್ನೇ ಮುಖ್ಯ ಮಾತು ಮಾಡಿಕೊಂಡು ಕೆನರಾ ಕ್ಷೇತ್ರದಲ್ಲಿ ಕಣಕ್ಕಿಳಿದರು. ಅದೇ ಸೆಪ್ಟೆಂಬರ್‌ನಲ್ಲಿ ಕೈಗಾದಲ್ಲಿ ಕಾಂಕ್ರೀಟು ಬಿದ್ದಿತ್ತು. ಚೆರ್ನೋಬಿಲ್ ಆಗಿ ಮೂರು ವರ್ಷ ಕಳೆದಿತ್ತು.

ಸೋತರು. ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು ಗೆದ್ದರು. ಆ ವರ್ಷ ರಾಜ್ಯದ 28ರಲ್ಲಿ 27 ಸೀಟು ಕಾಂಗ್ರೆಸ್ಸಿಗೇ ಹೋಯಿತು, ಹಾಗಾಗಿ ಇಲ್ಲೇನೂ ಪವಾಡ ಆಗುವ ಹಾಗಿರಲಿಲ್ಲ ಅನ್ನಿ.

ಈಗ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಅಪ್ಪಯ್ಯ ಕಾರಂತರ ಕಾದಂಬರಿಗಳನ್ನು ಓದಿ ಓದಿ ಹಾಳೆ ಕಿತ್ತು ಹೋಗುವ ಹಾಗೆ ಮಾಡಿದ್ದ ಮನುಷ್ಯ. ಅಡಿಕೆ ಸುಲಿಯುವ ಹೊತ್ತಿಗೆ ಅದರ ಕಥೆಗಳನ್ನೇ ಹೇಳುತ್ತಿದ್ದರು. ಆದರೆ ವೋಟು ಮಾತ್ರ ಕಾರಂತರಿಗೆ ಹಾಕಲಿಲ್ಲ. ಆಯಿ ಕೇಳಿದಾಗ ಹೇಳಿದ್ದು ಇಷ್ಟು: "ಪಾಪ, ಅಜ್ಜಂಗೆ ಈ ವಯಸ್ಸಲ್ಲಿ ಇದೆಲ್ಲ ಎಂತಕೆ ಬೇಕಿತ್ತು?" ಕೈಗಾ ಬಂದರೆ ರಸ್ತೆ ಆಗುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ ಅಂತ ಊರಲ್ಲಿ ಮಾತಿತ್ತು. ಸೊಸೈಟಿ ಕಟ್ಟೆಯ ಮೇಲೆ ಕವಳ ಹಾಕುತ್ತಾ ಎಲ್ಲರೂ ಅದನ್ನೇ ಹೇಳುತ್ತಿದ್ದರಂತೆ. ಅಪ್ಪಯ್ಯ ಕೆಟ್ಟವರಲ್ಲ. ಅವರಿಗೆ ಕಾರಂತರು ಬೇಕಿತ್ತು, ಆದರೆ ಕಪಾಟಿನಲ್ಲಿ ಬೇಕಿತ್ತು. ನೀವು ವೇದಿಕೆ ಮೇಲೆ ಮಾಡುವುದೂ ಅದನ್ನೇ. ಹಾಗಾಗಿ ಬೈಯುವ ಹಕ್ಕು ನನಗೂ ಪೂರ್ತಿ ಇಲ್ಲ.

ಆದರೂ ಹೇಳಲೇಬೇಕು. ಏಕೆಂದರೆ ಆ ಚುನಾವಣೆ ಒಬ್ಬ ಮುದುಕರ ಹುಚ್ಚು ಅಲ್ಲ. ಅವರ ಇಡೀ ಬದುಕನ್ನು ನೋಡಿದರೆ ಅದು ಅಲ್ಲಿಗೇ ಬಂದು ನಿಲ್ಲಬೇಕಿತ್ತು. ಗಾಂಧೀಜಿ ಅಸಹಕಾರಕ್ಕೆ ಕರೆ ಕೊಟ್ಟಾಗ ಮಂಗಳೂರಿನ ಕಾಲೇಜು ಬಿಟ್ಟು ಹೊರಗೆ ಬಂದ ಹುಡುಗ ಅವರು. ಖಾದಿ ಮಾರಿದರು, ಊರೂರು ತಿರುಗಿದರು. 1968ರಲ್ಲಿ ಪದ್ಮಭೂಷಣ ಬಂತು. ತುರ್ತು ಪರಿಸ್ಥಿತಿ ಹೇರಿದಾಗ ಅದನ್ನು ವಾಪಸ್ ಕೊಟ್ಟರು. ಆಗ ವಾಪಸ್ ಕೊಡುವುದು ಈಗಿನ ಹಾಗೆ ಟೀವಿ ಚರ್ಚೆಗೆ ಸರಕಾಗುವ ವಿಷಯ ಆಗಿರಲಿಲ್ಲ. ಪತ್ರಿಕೆಗಳಿಗೇ ಸೆನ್ಸಾರ್ ಇತ್ತು. ನಿಮ್ಮಲ್ಲಿ ಕೆಲವರು ತುರ್ತು ಪರಿಸ್ಥಿತಿಯ ಕಥೆ ಬಂದಾಗ ಕಾರಂತರನ್ನು ನೆನೆಯುತ್ತೀರಿ, ಕೈಗಾ ಕಥೆ ಬಂದಾಗ ಮರೆಯುತ್ತೀರಿ. ಇನ್ನು ಕೆಲವರು ಸರಿಯಾಗಿ ತಿರುಗಾಮುರುಗಾ. ಇಬ್ಬರಿಗೂ ಅರ್ಧ ಅರ್ಧ ಕಾರಂತರು ಸಾಕು.

ಸಾಹಿತಿಗಳ ರಾಜಕೀಯ ಅಂದ ತಕ್ಷಣ ಅದು ಒಂದೇ ಕಡೆಯವರ ಚಟ ಅಂತ ಹೇಳುವವರೂ ಇದ್ದಾರೆ. ಗೋಪಾಲಕೃಷ್ಣ ಅಡಿಗರು 1971ರಲ್ಲಿ ಲೋಕಸಭೆಗೆ ನಿಂತದ್ದು ಜನಸಂಘದ ಕಡೆಯಿಂದ. ಲಂಕೇಶರು ಪ್ರಗತಿರಂಗ ಅಂತ ಪಕ್ಷವನ್ನೇ ಕಟ್ಟಿದರು. ಗಿರೀಶ ಕಾರ್ನಾಡರು 2018ರಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡೇ ಕೊರಳಿಗೆ ಫಲಕ ತೂಗಿಸಿಕೊಂಡು ಬೆಂಗಳೂರಲ್ಲಿ ಬಂದು ಕೂತರು. ಇವರೆಲ್ಲರ ಮಾತೂ ನನಗೆ ಒಪ್ಪಿಗೆ ಅಂತ ಅಲ್ಲ. ಅಡಿಗರ ರಾಜಕೀಯ ಬೇರೆ, ಕಾರ್ನಾಡರದು ಬೇರೆ, ಇಬ್ಬರ ಜೊತೆಗೂ ನನಗೆ ಜಗಳ ಇದೆ. ಆದರೆ ಸಾಹಿತಿ ಸುಮ್ನೆ ಕೂರಬೇಕು ಅನ್ನುವ ಪರಂಪರೆ ಕನ್ನಡದಲ್ಲಿ ಎಲ್ಲಿತ್ತು, ಸ್ವಲ್ಪ ತೋರಿಸಿ.

ಹೋಗಲಿ, ಅದು ಹಳೆಯ ವಾದ. ನಾನು ಹೇಳಬೇಕಾದದ್ದು ಬೇರೆ. ಕಾರಂತರು ರಾಜಕೀಯ ಹೇಗೆ ಮಾಡಿದರು ಅನ್ನುವುದನ್ನು ನೋಡಿ. ಅದರಲ್ಲಿ ನಿಮಗೆ ಒಂದು ಕೆಲಸ ಇದೆ.

ಮಕ್ಕಳಿಗೆ ಓದಲು ಕನ್ನಡದಲ್ಲಿ ಏನೂ ಇಲ್ಲ ಅಂತ ಒಬ್ಬರೇ ಕೂತು ಬಾಲ ಪ್ರಪಂಚ ಬರೆದರು, ಮೂರು ಸಂಪುಟ. ಆಮೇಲೆ ದೊಡ್ಡವರಿಗೆ ವಿಜ್ಞಾನ ಪ್ರಪಂಚ, ನಾಲ್ಕು ಸಂಪುಟ. ಕಂಪ್ಯೂಟರ್ ಇಲ್ಲ, ಸಹಾಯಕ್ಕೆ ತಂಡ ಇಲ್ಲ. ಒಬ್ಬ ಮನುಷ್ಯ, ಒಂದು ಪೆನ್ನು. ಹಾಗೆಯೇ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 1982ರಲ್ಲಿ ದೇಶದ ಕಾಡು, ನೀರು, ಮಣ್ಣಿನ ಸ್ಥಿತಿ ಬಗ್ಗೆ ನಾಗರಿಕರ ವರದಿ ಅಂತ ಒಂದನ್ನು ಹೊರಗೆ ತಂದಾಗ, ಅದು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ನಮ್ಮ ಜನಕ್ಕೆ ಏನು ಪ್ರಯೋಜನ ಅಂತ ಕಾರಂತರು ಅದನ್ನು ಕನ್ನಡಕ್ಕೆ ಇಳಿಸಿದರು. ಎಂಬತ್ತು ದಾಟಿದ ಮನುಷ್ಯ! ಅಂಕಿಸಂಖ್ಯೆ, ಕೋಷ್ಟಕ, ಹೆಕ್ಟೇರು, ಟನ್ನು, ಎಲ್ಲ ಸಮೇತ. ಜ್ಞಾನಪೀಠ ಬಂದವರಿಗೆ ಅನುವಾದದ ಕೂಲಿ ಕೆಲಸ ಯಾಕೆ ಬೇಕಿತ್ತು ಹೇಳಿ? ಆ ಪುಸ್ತಕ ನಮ್ಮ ಮನೆಯಲ್ಲಿದೆ. ಬೆನ್ನಿಗೆ ಗೆದ್ದಲು ಹಿಡಿದಿದೆ. ಅಪ್ಪಯ್ಯ ಅಲ್ಲಲ್ಲಿ ಪೆನ್ಸಿಲ್ ಗೆರೆ ಹಾಕಿದ್ದಾರೆ. ವೋಟು ಹಾಕಲಿಲ್ಲ, ಗೆರೆ ಹಾಕಿದ್ದಾರೆ.

ಆಮೇಲೆ ನೋಡಿ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಒಂದು ಜಂಟಿ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಸುಮಾರು 75 ಸಾವಿರ ಎಕರೆ ಜಾಗದಲ್ಲಿ ನೀಲಗಿರಿ ಬೆಳೆಸುವ ಯೋಜನೆ. ಕಾರ್ಖಾನೆಗೆ ಮರ ಬೇಕಲ್ಲ, ಅದಕ್ಕೆ. ಸರ್ಕಾರಿ ಕಡತದಲ್ಲಿ ಅದು ಸಿ ಮತ್ತು ಡಿ ದರ್ಜೆ ಜಮೀನು, ಅಂದರೆ ಉಪಯೋಗಕ್ಕೆ ಬಾರದ್ದು. ಊರಿನವರ ಪಾಲಿಗೆ ಅದು ಗೋಮಾಳ, ಸೌದೆ, ಬೇಲಿ ಮುಳ್ಳು, ಹುಲ್ಲು, ಮಳೆಗಾಲದಲ್ಲಿ ದನ ಅಟ್ಟುವ ಜಾಗ. ನೋಡಿ, ಒಂದೇ ಜಾಗಕ್ಕೆ ಎರಡು ಭಾಷೆಯಲ್ಲಿ ಎರಡು ಹೆಸರು. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರ ಜೊತೆ ಸೇರಿ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು, ಹಣ್ಣಿನ, ಮೇವಿನ ಗಿಡ ನೆಟ್ಟರು. ಅದಕ್ಕೆ ಇಟ್ಟ ಹೆಸರೇ ಕಿತ್ತಿಕೋ ಹಚ್ಚಿಕೋ. ಎಷ್ಟು ಚೆಂದದ ಹೆಸರು ಅಲ್ವಾ, ಘೋಷಣೆಯೂ ಅದೇ, ಕೆಲಸವೂ ಅದೇ. 1991ರ ಹೊತ್ತಿಗೆ ಆ ಕಂಪನಿ ಬಾಗಿಲು ಹಾಕಿತು.

ಅಂದರೆ ಕಾರಂತರು ಹೋದ ಕಡೆಯೆಲ್ಲ ಸೋಲಲಿಲ್ಲ. ಚುನಾವಣೆಯಲ್ಲಿ ಸೋತರು, ಅಷ್ಟೇ. ಮೊದಲು ತಾವು ಓದುವುದು, ಓದಿದ್ದನ್ನು ಕನ್ನಡದಲ್ಲಿ ಬೇರೆಯವರಿಗೆ ತಿಳಿಸುವುದು, ಆಮೇಲೆ ಕೋರ್ಟಿಗೆ ಹೋಗುವುದು, ಅದೂ ಸಾಲದಿದ್ದರೆ ವೋಟು ಕೇಳುವುದು. ಅವರು ನಡೆದ ದಾರಿ ಹೀಗೆ. ಇದರಲ್ಲಿ ಮೂಗು ತೂರಿಸುವುದು ಎಲ್ಲಿ ಬಂತು?

ನೀವು ಕೇಳಬಹುದು, ಕಾರಂತರು ಹೆದರಿಸಿದ ಹಾಗೆ ಕೈಗಾ ಏನೂ ಸಿಡಿಯಲಿಲ್ಲವಲ್ಲ ಅಂತ. ನ್ಯಾಯವಾದ ಪ್ರಶ್ನೆ. ಸಿಡಿಯಲಿಲ್ಲ, ನಿಜ. 2000ದಿಂದ ಕರೆಂಟು ಕೊಡುತ್ತಿದೆ. ಈಗ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ. ಮೊದಲನೆಯ ಘಟಕ 2016ರಿಂದ 2018ರ ಕೊನೆವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತು. ನಮ್ಮೂರಿನ ಹುಡುಗರು ಅಲ್ಲಿ ಕೆಲಸ ಮಾಡುತ್ತಾರೆ, ಅವರಿಗೆ ಅದರ ಬಗ್ಗೆ ಹೆಮ್ಮೆ ಇದೆ, ನನಗೂ ಇದೆ. ಸುಳ್ಳು ಯಾಕೆ ಹೇಳಲಿ.

ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಕೆಳಗೆ ಬಿತ್ತು. ಕೆಲಸಗಾರರಿಗೆ ಪೆಟ್ಟಾಯಿತು. ಒಳಗೆ ಇಂಧನ ಇರಲಿಲ್ಲ, ನಮ್ಮ ಪುಣ್ಯ. ಆಮೇಲೆ ಗುಮ್ಮಟದ ವಿನ್ಯಾಸವನ್ನೇ ಬದಲಿಸಿ ಮತ್ತೆ ಕಟ್ಟಿದರು. ಮೊದಲೇ ಪ್ರಶ್ನೆ ಕೇಳಿದವರನ್ನು ಅಭಿವೃದ್ಧಿಯ ವಿರೋಧಿಗಳು ಅಂದಿದ್ದರಲ್ಲ, ಬಿದ್ದ ಮೇಲೆ ಅದೇ ಪ್ರಶ್ನೆಯನ್ನು ತಜ್ಞರು ಕೇಳಬೇಕಾಯಿತು. 2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಅನ್ನುವ ವಿಕಿರಣದ ವಸ್ತು ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು. 2019ರಲ್ಲಿ, ಮತ್ತೆ 2021ರಲ್ಲಿ, ಕದ್ರಾ ಅಣೆಕಟ್ಟಿನ ನೀರು ಬಿಟ್ಟಾಗ ಕೆಳಗಿನ ಮನೆಗಳು ಮುಳುಗಿದವು. ಅದು ಅಣುವಿನ ತಪ್ಪಲ್ಲ, ಮಳೆ ಮತ್ತು ಅಣೆಕಟ್ಟಿನ ಕಥೆ. ಆದರೆ ಮುಳುಗಿದವರಿಗೆ ಅದೆಲ್ಲ ಒಂದೇ ನದಿ. ಒಂದೇ ಕಾಳಿ ಹೊಳೆಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು, ದಂಡೆಯ ಮೇಲೆ ಅಣುಸ್ಥಾವರ, ಕೆಳಗೆ ಕಾರವಾರದ ಹತ್ತಿರ ನೌಕಾನೆಲೆ. ಈ ಜಿಲ್ಲೆ ಎಷ್ಟು ಸಲ ಜಾಗ ಬಿಟ್ಟುಕೊಟ್ಟಿದೆ ಅಂತ ನಿಮ್ಮ ಭಾಷಣ ಬರೆದುಕೊಡುವವರಿಗೆ ಒಮ್ಮೆ ಲೆಕ್ಕ ಹಾಕಲು ಹೇಳಿ.

ಕಾರಂತರು ಎಲ್ಲ ಸರಿಯಾಗಿಯೇ ಹೇಳಿದರು ಅಂತ ನಾನು ವಾದ ಮಾಡುತ್ತಿಲ್ಲ. ಅವರಿಗೂ ಹಟ ಇತ್ತು, ಸಿಡುಕು ಇತ್ತು. ಬದುಕಿದ್ದರೆ ನನ್ನ ಈ ಪತ್ರಕ್ಕೂ ಏನಾದರೂ ಕೊಂಕು ತೆಗೆಯುತ್ತಿದ್ದರು. ಪ್ರಶ್ನೆ ಅದಲ್ಲ. ಅವರು ಹೇಳಿದ್ದು ತಪ್ಪು ಅಂತ ಹೇಳಲಿಕ್ಕಾದರೂ ನಮಗೆ ವಿಷಯ ಗೊತ್ತಿರಬೇಕಲ್ಲ? ನಮ್ಮ ಅಪ್ಪಯ್ಯನಿಗೆ ಗೊತ್ತಿರಲಿಲ್ಲ. ಪರವಾಗಿ ವೋಟು ಹಾಕಿದವರಿಗೂ ಗೊತ್ತಿರಲಿಲ್ಲ, ವಿರೋಧ ಮಾಡಿದವರಲ್ಲೂ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಈಗಲಾದರೂ ಗೊತ್ತಿದೆಯಾ? ಕೇಳಿ.

ಕೈಗಾದ 5 ಮತ್ತು 6ನೇ ಘಟಕಕ್ಕೆ 2017ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಒಂದೊಂದೂ 700 ಮೆಗಾವ್ಯಾಟು. ಅಂದರೆ ಹೊಸ ಎರಡೇ ಸೇರಿ ಹಳೆಯ ನಾಲ್ಕಕ್ಕಿಂತ ಎಷ್ಟೋ ದೊಡ್ಡವು. 2018ರ ಕೊನೆಯಲ್ಲಿ ಅಹವಾಲು ಸಭೆ, ಅಂದರೆ ಯೋಜನೆ ಬಗ್ಗೆ ಊರವರ ಮಾತು ಕೇಳುವ ಸಭೆ, ಆಯಿತು, 2019ರಲ್ಲಿ ಪರಿಸರ ಅನುಮತಿಯೂ ಬಂತು. ಇದೊಂದೇ ಅಲ್ಲ. ಬಂದರು, ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವ ಪಂಪ್ಡ್ ಸ್ಟೋರೇಜು, ನದಿ ಜೋಡಣೆ, ಹೆದ್ದಾರಿ ಅಂತ ನಮ್ಮ ಜಿಲ್ಲೆಗೆ ಯೋಜನೆಗಳ ಜಾತ್ರೆಯೇ ಬಂದಿದೆ. ಒಂದೊಂದಕ್ಕೂ ಒಂದು ಪರಿಸರ ಪರಿಣಾಮ ವರದಿ ಇರುತ್ತದೆ. ನೂರಾರು ಪುಟ. ಪೂರ್ತಿ ಇಂಗ್ಲಿಷು. ಕಾನೂನು, ಅಂದರೆ 2006ರ ಅಧಿಸೂಚನೆ, ಕನ್ನಡದಲ್ಲಿ ಕೇಳುವುದು ಬರೀ ಸಾರಾಂಶವನ್ನು. ಸಭೆಗೆ ಮೊದಲು ಕನಿಷ್ಠ 30 ದಿನ ಟೈಮು ಕೊಡಬೇಕು ಅಂತಲೂ ಇದೆ. ಇಂಗ್ಲಿಷಿನ ಅಷ್ಟು ಪುಟವನ್ನು ಮೂವತ್ತು ದಿನದಲ್ಲಿ ಓದಿ ಪ್ರಶ್ನೆ ಕೇಳಿ ಅಂದರೆ ದೋಣಿ ಓಡಿಸುವವರು, ತೋಟಕ್ಕೆ ಸೊಪ್ಪು ಹೊರುವವರು ಏನು ಮಾಡಬೇಕು?

ಒಂದು ಅಹವಾಲು ಸಭೆಗೆ ನಾನೇ ಹೋಗಿದ್ದೆ. ಯಾವ ಯೋಜನೆ, ಯಾವ ಕಂಪನಿ ಅಂತ ಇಲ್ಲಿ ಬೇಡ. ಕನ್ನಡ ಸಾರಾಂಶ ಅಂತ ಒಂದಿಷ್ಟು ಹಾಳೆ ಕೈಗೆ ಕೊಟ್ಟರು. ಮಷೀನಿಗೆ ಹಾಕಿ ತೆಗೆದದ್ದು ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಅದರ ತುಂಬ "ವಿದ್ಯುತ್ ಸಸ್ಯ" ಅಂತ ಇತ್ತು. ಪಕ್ಕದಲ್ಲಿ ಕೂತ ಹೆಂಗಸು, ಮೀನು ಮಾರುವವರು, ನನ್ನನ್ನು ಕೇಳಿದರು: "ತಮ್ಮಾ, ಇದು ಯಾವ ಜಾತಿ ಗಿಡ?" ಇಂಗ್ಲಿಷಿನ ಪ್ಲಾಂಟು ಕನ್ನಡಕ್ಕೆ ಬರುವಾಗ ಸ್ಥಾವರ ಆಗುವ ಬದಲು ಸಸ್ಯ ಆಗಿತ್ತು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅವರ ಮನೆ ಹೋಗುವುದು ಆ ಗಿಡದ ಬುಡಕ್ಕೇ. ಮೂರು ಗಂಟೆ ಸಭೆ ನಡೆಯಿತು. ವೇದಿಕೆಯ ಮೇಲಿದ್ದವರು ಡೆಸಿಬಲ್ಲು, ಪಿಪಿಎಮ್ಮು ಅಂತ ಹೇಳುತ್ತಾ ಹೋದರು. ಜನ ಮೈಕು ಹಿಡಿದು ಅತ್ತರು, ಕೂಗಿದರು, ಒಬ್ಬರು ಮೈಕನ್ನೇ ಕುಕ್ಕಿದರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಗದ್ದಲದ ಸಭೆ ಅಂತ. ಸಾರಾಂಶ ಯಾವ ಭಾಷೆಯಲ್ಲಿತ್ತು ಅಂತ ಯಾರೂ ಬರೆಯಲಿಲ್ಲ, ಅದು ಕನ್ನಡ ಲಿಪಿಯಲ್ಲಿತ್ತು, ಕನ್ನಡ ಆಗಿರಲಿಲ್ಲ.

ಕೋರ್ಟುಗಳಿಗೂ ಇದು ಕಣ್ಣಿಗೆ ಬಿದ್ದಿದೆ. 2020ರಲ್ಲಿ ಕೇಂದ್ರ ಸರ್ಕಾರ ಈ ಅಧಿಸೂಚನೆಯನ್ನೇ ಬದಲಿಸುವ ಕರಡು ತಂದಾಗ ಅದು ಇದ್ದದ್ದು ಇಂಗ್ಲಿಷು, ಹಿಂದಿಯಲ್ಲಿ. ದೆಹಲಿ ಹೈಕೋರ್ಟು ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂದಿತು. ನಮ್ಮ ಕರ್ನಾಟಕ ಹೈಕೋರ್ಟು ಕೂಡ ಸ್ಥಳೀಯ ಭಾಷೆಯಲ್ಲಿ ಪ್ರಚಾರ ಆಗಿಲ್ಲ ಅನ್ನುವುದನ್ನು ಗಂಭೀರವಾಗಿ ತೆಗೆದುಕೊಂಡು ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ದೆಹಲಿಯ ಆದೇಶದ ವಿರುದ್ಧ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅನುವಾದ ಮಾಡುವುದಕ್ಕಿಂತ ವಕೀಲರನ್ನು ಇಡುವುದು ಸುಲಭ ಅನ್ನಿಸಿರಬೇಕು.

ಕಾರಂತರು ಎಂಬತ್ತು ದಾಟಿದ ಮೇಲೆ ಒಬ್ಬರೇ ಒಂದು ದೊಡ್ಡ ವರದಿಯನ್ನು ಕನ್ನಡಕ್ಕೆ ತರಲು ಆಯಿತು. ಸಾವಿರಾರು ಕೋಟಿಯ ಯೋಜನೆಗೆ ಅನುವಾದಕರ ಸಂಬಳ ಕೊಡಲು ಆಗುವುದಿಲ್ಲವಾ? ನಿಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಹಾರ, ಶಾಲು, ಫಲತಾಂಬೂಲದ ಖರ್ಚಿನಲ್ಲೇ ಒಂದೆರಡು ವರದಿ ಕನ್ನಡ ಆಗಬಹುದು ಅಂತ ನನ್ನ ಅಂದಾಜು. ಲೆಕ್ಕ ಕೊಡಿ ಅಂದರೆ ಕೊಡಲಾರೆ, ಆದರೆ ಶಾಲು ಮಾತ್ರ ಜಾಸ್ತಿ ಆಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಯೋಜನೆ ನಿಲ್ಲಿಸಿ ಅಂತ ಈ ಪತ್ರದಲ್ಲಿ ನಾನು ಕೇಳುತ್ತಿಲ್ಲ. ಆ ಜಗಳ ಬೇರೆ ಇದೆ, ಅದನ್ನು ಬೇರೆ ಕಡೆ ಆಡುತ್ತೇನೆ. ಕರ್ನಾಟಕದಲ್ಲಿ ನಡೆಯುವ ಪ್ರತಿ ಅಹವಾಲು ಸಭೆಗೆ ಮೊದಲು ಪೂರ್ತಿ ವರದಿ ಕನ್ನಡದಲ್ಲಿ ಆಗಬೇಕು. ಸಾರಾಂಶ ಸಾಲದು. ಕನ್ನಡ ಗೊತ್ತಿರುವ ಮನುಷ್ಯರೇ ಅದನ್ನು ಓದಿ ತಿದ್ದಿರಬೇಕು, ಮಷೀನಿನ ಗಿಡ ನಮಗೆ ಬೇಡ. ಅದು ಗ್ರಾಮ ಪಂಚಾಯ್ತಿ ಕಚೇರಿಯಲ್ಲಿ ಮೇಜಿನ ಮೇಲೆ ಇರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ. ಮೂವತ್ತು ದಿನದ ಲೆಕ್ಕ ಆ ಕನ್ನಡದ ಪ್ರತಿ ಬಂದ ದಿನದಿಂದ ಶುರುವಾಗಬೇಕು. ಇದಕ್ಕೆ ದೆಹಲಿಯನ್ನು ಕಾಯಬೇಕಾಗಿಲ್ಲ. ಸಭೆ ನಡೆಸುವುದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಗಳದ್ದೋ ಅವರ ಪರವಾಗಿ ಬಂದವರದ್ದೋ. ನೀವು ಮನಸ್ಸು ಮಾಡಿದರೆ ವಿಧಾನಸೌಧದಿಂದಲೇ ಒಂದು ಆದೇಶ ಹೊರಡಿಸಬಹುದು. ಕನ್ನಡದಲ್ಲೇ ಆಡಳಿತ ಅಂತ ಪ್ರತಿ ನವೆಂಬರ್ 1ಕ್ಕೆ ಹೇಳುತ್ತೀರಲ್ಲ, ಅದರ ಕೆಳಗೇ ಇದೂ ಬರುತ್ತದೆ.

ಇನ್ನೊಂದು ಸಣ್ಣ ಮಾತು. ಮುಂದಿನ ಅಕ್ಟೋಬರ್ 10ಕ್ಕೆ ನಿಮ್ಮ ಭಾಷಣದಲ್ಲಿ 1989ನ್ನು ಸೇರಿಸಿ. ಹೊಗಳಬೇಕಾಗಿಲ್ಲ. ಕಾರಂತರು ಕೈಗಾ ವಿಷಯದಲ್ಲಿ ತಪ್ಪು ಮಾಡಿದರು ಅಂತಲೇ ಬೇಕಾದರೆ ಹೇಳಿ, ಯಾಕೆ ತಪ್ಪು ಅಂತ ವಿವರಿಸಿ, ಎದುರಿಗೆ ಕೂತ ಕಾಲೇಜು ಹುಡುಗರು ವಾದ ಮಾಡಲಿ. ಅದು ಅವರಿಗೆ ಹಾರಕ್ಕಿಂತ ದೊಡ್ಡ ಮರ್ಯಾದೆ.

ಅಪ್ಪಯ್ಯ ಈಗ ಇಲ್ಲ. ಹೋಗುವ ಎರಡು ವರ್ಷ ಮೊದಲು, ಹೊಸ ಘಟಕಗಳ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ, ಆ ಗೆದ್ದಲು ಹಿಡಿದ ಪುಸ್ತಕವನ್ನು ಕೆಳಗಿಳಿಸಿಕೊಡು ಅಂದರು. ಕನ್ನಡಕ ಏರಿಸಿ ತಮ್ಮದೇ ಪೆನ್ಸಿಲ್ ಗೆರೆಗಳನ್ನು ನೋಡುತ್ತಾ ಬಹಳ ಹೊತ್ತು ಕೂತರು. ಆಮೇಲೆ "ಇದರಲ್ಲಿ ಕೈಗಾ ಬಗ್ಗೆ ಇಲ್ಲೆ, ಅಲ್ದನಾ?" ಅಂತ ಕೇಳಿದರು. ಇಲ್ಲ ಅಂದೆ. "ಹೊಸದಕ್ಕೆ ಎಂತಾರೂ ಕನ್ನಡದಲ್ಲಿ ಬಂಜಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ತಿಳಿಸಿ.

ಇಂತಿ,
ಯಲ್ಲಾಪುರ ಕಡೆಯ ಒಬ್ಬ ಮತದಾರ